ಅಡ್ಡಕೋಲು ಬಿದ್ದ ಮೇಲೆ



ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿದರೆ ಸೇಲಂ. ಸುಮಾರು 200 ಕಿಲೋಮೀಟರ್ ದಾರಿ. ನಮಗದು ಪರಸ್ಥಳವೇನಲ್ಲ. ಆ ಕಡೆಯ ಹೊಗೇನಕಲ್ ಎಂಬ ಊರಿನ ಹೆಸರಿನಲ್ಲೇ ನಮ್ಮ ಕನ್ನಡದ ಹೊಗೆಯೂ ಕಲ್ಲೂ ಇವೆ. ಸೇಲಂನ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ತನಗೆ ತಾನೇ ಕೋಚ್ ಆಗುವುದು ಹೇಗೆ ಎಂಬುದು ಇಂದಿನ ವಿಷಯ. ಅದಕ್ಕೆ ಆ ಜಿಲ್ಲೆಯ ಇಬ್ಬರನ್ನು ಆರಿಸಿಕೊಂಡಿದ್ದೇನೆ.

ಮೊದಲನೆಯವರು ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು. ಐದನೇ ವಯಸ್ಸಿನಲ್ಲಿ ಬಸ್ಸಿನ ಚಕ್ರ ಹರಿದು ಬಲಗಾಲು ಮೊಣಕಾಲಿನ ಕೆಳಗೆ ನಜ್ಜುಗುಜ್ಜಾಯಿತು. ತಾಯಿ ತರಕಾರಿ ಮಾರಿ ಮನೆ ನಡೆಸಿದರು. ಮಗ ಬೆಳಿಗ್ಗೆ ಪತ್ರಿಕೆ ಹಂಚಿ, ಆಮೇಲೆ ಕಟ್ಟಡದ ಕೂಲಿಗೆ ಹೋದ ವರ್ಷಗಳೂ ಇದ್ದವು. 2015ರಲ್ಲಿ ಕೋಚ್ ಸತ್ಯನಾರಾಯಣ ಇವರನ್ನು ಬೆಂಗಳೂರಿಗೆ ಕರೆತಂದರು. ಮರುವರ್ಷ ಮಾರಿಯಪ್ಪನ್ ರಿಯೋ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದರು.

ಹೈಜಂಪನ್ನು ಹತ್ತಿರದಿಂದ ನೋಡಿದ್ದೀರಾ? ನಾಲ್ಕು ಮೀಟರ್ ಉದ್ದದ ಹಗುರವಾದ ಕೋಲು ಎರಡು ಕಂಬಗಳ ನಡುವೆ ಸುಮ್ಮನೆ ಕೂತಿರುತ್ತದೆ, ಕಟ್ಟಿರುವುದಿಲ್ಲ. ಹಿಮ್ಮಡಿ ಸೋಕಿದರೆ ಸಾಕು, ಬಿತ್ತು. ಓಟ ಎಲ್ಲಿಂದ ಶುರುವಾಗಬೇಕೆಂದು ಆಟಗಾರರೇ ಹೆಜ್ಜೆ ಅಳೆದು ನೆಲದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಸತತ ಮೂರು ಸಲ ತಪ್ಪಿದರೆ ಆಟ ಮುಗಿಯಿತು. ಗೆದ್ದವರು ಕೂಡ ಇನ್ನೂ ಎತ್ತರಕ್ಕೆ ಹಾರಲು ನೋಡಿ, ಬಹುಪಾಲು ಸಲ ಕೋಲು ಬೀಳಿಸಿಯೇ ಮೈದಾನ ಬಿಡುತ್ತಾರೆ. ನನಗೆ ಈ ಆಟ ಬಹಳ ಇಷ್ಟವಾಗುವುದು ಇದೇ ಕಾರಣಕ್ಕೆ. ಇಲ್ಲಿ ಗುರಿಗೆ ಅಳತೆಯಿದೆ, ಸೋಲಿಗೂ ಅಳತೆಯಿದೆ. "ಚೆನ್ನಾಗಿ ಓದಬೇಕು", "ತೂಕ ಇಳಿಸಬೇಕು" ಎಂಬ ನಮ್ಮ ಸಂಕಲ್ಪಗಳಿಗೆ ಆ ಅಳತೆ ಇರುವುದಿಲ್ಲ. ಅದಕ್ಕೇ ಅವು ವಾರದೊಳಗೆ ಸೊರಗುತ್ತವೆ.

2021ರ ಆಗಸ್ಟ್ 31, ಟೋಕಿಯೋ ಪ್ಯಾರಾಲಿಂಪಿಕ್ಸ್. ಸ್ಪರ್ಧೆಯ ನಡುವೆ ಮಳೆ ಬಂತು. ಮಾರಿಯಪ್ಪನ್ 1.86 ದಾಟಿದರು, 1.88ರಲ್ಲಿ ಮೂರು ಸಲವೂ ಕೋಲು ಬಿತ್ತು. ಬೆಳ್ಳಿ ಬಂತು. ದೋಷವಿರುವ ಕಾಲಿನ ಕಾಲುಚೀಲ ಒದ್ದೆಯಾಗಿ ನೆಗೆತಕ್ಕೆ ತೊಂದರೆಯಾಯಿತು ಎಂದು ಆಮೇಲೆ ಹೇಳಿದರು. ಇದನ್ನು ನೆಪ ಎನ್ನಬೇಡಿ. "ನನ್ನ ಕೈಲಾಗದು" ಎಂದುಕೊಂಡವನಿಗೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. "ಕಾಲುಚೀಲ ಒದ್ದೆಯಾಯಿತು" ಎಂದವನಿಗೆ ನಾಳೆ ಸರಿಪಡಿಸಲು ಒಂದು ಕೆಲಸವಿದೆ. ಒಳಗಿನ ಕೋಚ್ ಆಡಬೇಕಾದ ಮಾತು ಇಂಥದು. 2024ರಲ್ಲಿ ಕೋಬೆಯ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಅದೇ 1.88 ಹಾರಿ ಅವರು ಚಿನ್ನ ಗೆದ್ದರು. ಅದೇ ವರ್ಷ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು.

ಎರಡನೆಯವರು ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್. ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡಿ ಬೆಳೆದ ಎಡಗೈ ವೇಗಿ. 2015ರಲ್ಲಿ ರಣಜಿ ಅಂಗಳಕ್ಕೆ ಕಾಲಿಟ್ಟ ಹೊಸತರಲ್ಲೇ ಅವರ ಬೌಲಿಂಗ್ ಶೈಲಿ ಶಂಕಾಸ್ಪದ ಎಂಬ ವರದಿ ಬಂತು. ವರ್ಷಗಳಿಂದ ಮೈಗೂಡಿದ ತೋಳಿನ ಬೀಸನ್ನು ಬಿಚ್ಚಿ ಹೊಸದಾಗಿ ಹೆಣೆಯುವುದೆಂದರೆ, ಬರೆಯುವವರು ಕೈ ಬದಲಿಸಿದ ಹಾಗೆ. ಕೋಚ್‌ಗಳ ನೆರವಿನಿಂದ ಅದನ್ನೂ ಮಾಡಿದರು. 2020ರ ಕೊನೆಗೆ ನೆಟ್ ಬೌಲರ್ ಆಗಿ ಆಸ್ಟ್ರೇಲಿಯಾಕ್ಕೆ ಹೋದವರು, ಒಂದೇ ಪ್ರವಾಸದಲ್ಲಿ ಏಕದಿನ, ಟಿ20, ಟೆಸ್ಟ್ ಮೂರರಲ್ಲೂ ಭಾರತಕ್ಕೆ ಮೊದಲ ಪಂದ್ಯ ಆಡಿದರು.

ಹಾಗಾದರೆ ಮೈದಾನಕ್ಕೆ ಹೋಗದ ನಾವು ಏನು ಮಾಡಬೇಕು? ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಸರಳ ಉಪಾಯವಿದೆ. ಸಂಕಲ್ಪವನ್ನು "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ರೂಪಕ್ಕೆ ತರುವುದು. "ಓದುತ್ತೇನೆ" ಎನ್ನುವ ಬದಲು "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಎರಡು ಪುಟ ಓದುತ್ತೇನೆ". ಆಗ ತಟ್ಟೆಯೇ ನೆನಪಿಸುತ್ತದೆ, ಉತ್ಸಾಹಕ್ಕೆ ಕಾಯಬೇಕಿಲ್ಲ. ಅದು ಓಟಕ್ಕೆ ನಾವೇ ನೆಲದಲ್ಲಿ ಹಾಕಿಕೊಂಡ ಗುರುತು. ಎದೆ ಹೊಡೆದುಕೊಳ್ಳುವ ಗಳಿಗೆಯಲ್ಲಿ ತನ್ನನ್ನೇ ಹೆಸರು ಹಿಡಿದು ಕರೆದು ಮಾತಾಡಿಕೊಂಡರೆ ಕಳವಳ ತಗ್ಗುತ್ತದೆ ಎಂದು ಈಥನ್ ಕ್ರಾಸ್ ಮತ್ತು ಸಂಗಡಿಗರ ಸಂಶೋಧನೆ ತೋರಿಸಿದೆ. ನಮ್ಮ ಅಜ್ಜಿಯರು ಸೊಂಟಕ್ಕೆ ಸೆರಗು ಸಿಕ್ಕಿಸಿ "ಏಳೇ, ಕೆಲಸ ನೋಡು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ಇದನ್ನು ಓದಿದಾಗ ನನಗೆ ನೆನಪಾಯಿತು.

ಆದರೂ ಎಲ್ಲವೂ ಮನೋಬಲದಿಂದಲೇ ಆಗುತ್ತದೆ ಎಂದು ನಾನು ಹೇಳಲಾರೆ. ಮಾರಿಯಪ್ಪನ್‌ಗೆ ಸತ್ಯನಾರಾಯಣ ಇದ್ದರು. ನಟರಾಜನ್‌ಗೆ ಊರಿನ ಮಾರ್ಗದರ್ಶಕ ಜಯಪ್ರಕಾಶ್ ಇದ್ದರು. ಅವರ ಹೆಸರಿನ ಜೆಪಿ ಅಕ್ಷರಗಳನ್ನು ನಟರಾಜನ್ ಜೆರ್ಸಿಯ ಮೇಲೆ ಹೊತ್ತಿದ್ದಾರೆ. ತಮ್ಮ ಊರಿನಲ್ಲೊಂದು ಕ್ರಿಕೆಟ್ ಮೈದಾನವನ್ನೂ ಕಟ್ಟಿಸಿದ್ದಾರೆ.

ಈ ಮಾತು ಮುಗಿದ ಕೂಡಲೇ ಒಂದು ಚೀಟಿ ತೆಗೆದುಕೊಳ್ಳಿ. ನಾಳೆ ಯಾವ ಹೊತ್ತಿಗೆ, ಯಾವ ಕೆಲಸದ ಬೆನ್ನಿಗೆ, ಎಷ್ಟು ಮಾಡುತ್ತೀರೆಂದು ಒಂದೇ ಸಾಲಿನಲ್ಲಿ ಬರೆದು ಕಣ್ಣಿಗೆ ಬೀಳುವ ಕಡೆ ಇಡಿ. ಪಕ್ಕದ ಮನೆಯ ಮಗುವೊಂದು ಏನನ್ನೋ ಕಲಿಯಲು ಒದ್ದಾಡುತ್ತಿದ್ದರೆ, ಅದರ ಜೊತೆಗೂ ಹತ್ತು ನಿಮಿಷ ಕುಳಿತುಕೊಳ್ಳಿ.