ಹದಿನಾರು ನಿಮಿಷದ ಚಿತ್ರ ಕಲಿಸಿದ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯಲ್ಲಿ ಸಿನೆಮಾದ ಮಾತೇ ಎಂದು ಕೆಲವರಿಗೆ ಅನಿಸೀತು. ಪಗಾರ, ಪಾಳಿ, ಬೋನಸ್ಸು, ಕೋಣೆಯ ಬಾಡಿಗೆ, ಇವುಗಳ ಮಾತೇ ಮುಗಿಯದಿರುವಾಗ ಇದೇಕೆ ಎಂದು ಕೇಳುವುದು ಸಹಜ. ಆದರೆ ನಮ್ಮ ಯುವಕರು ಕಾರ್ಯಕಾರಿ ಸಮಿತಿಯ ಮುಂದೆ ಒಂದು ಕೋರಿಕೆ ಇಟ್ಟಿದ್ದಾರೆ. ಈ ಸಲದ ವಾರ್ಷಿಕೋತ್ಸವಕ್ಕೆ ನಾಟಕದ ಜೊತೆಗೆ ಕನ್ನಡದಲ್ಲಿ ಒಂದು ಕಿರುಚಿತ್ರವನ್ನೂ ಮಾಡುತ್ತೇವೆ, ಅದಕ್ಕೆ ಒಪ್ಪಿಗೆಯೂ ಅಲ್ಪಸ್ವಲ್ಪ ಹಣವೂ ಬೇಕು ಎನ್ನುತ್ತಾರೆ. ಹೌದು, ಅಲ್ಲ ಎಂದು ತೀರ್ಮಾನಿಸುವ ಮೊದಲು, ನಮ್ಮ ನಾಡಿನ ವಿದ್ಯಾರ್ಥಿಯೊಬ್ಬರು ಮಾಡಿದ ಸಣ್ಣ ಚಿತ್ರವೊಂದರ ವಿಚಾರವನ್ನು ನಾವೆಲ್ಲ ತಿಳಿದುಕೊಳ್ಳುವುದು ಒಳಿತು.

ಮೈಸೂರಿನ ಶ್ರೀ ಚಿದಾನಂದ ಎಸ್. ನಾಯಕ್ ವೈದ್ಯ ಪದವಿ ಪಡೆದವರು. ಆ ವೃತ್ತಿಯನ್ನು ಬದಿಗಿಟ್ಟು ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದರು. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆರಂಭವಾದ ಆ ಸಂಸ್ಥೆ ನಮ್ಮ ದಾದರಿನಿಂದ ರೈಲಿನಲ್ಲಿ ಮೂರು ಮೂರೂವರೆ ತಾಸಿನ ದಾರಿ. ಅಲ್ಲಿಯ ಟೆಲಿವಿಷನ್ ವಿಭಾಗದ ಒಂದು ವರ್ಷದ ಶಿಕ್ಷಣದ ಕೊನೆಗೆ, ನಾಲ್ಕು ವಿದ್ಯೆಗಳನ್ನು ಕಲಿತ ನಾಲ್ವರು ಒಟ್ಟುಗೂಡಿ ಒಂದು ಚಿತ್ರ ತಯಾರಿಸಬೇಕಿತ್ತು. ಆ ಅಭ್ಯಾಸಕ್ಕಾಗಿ 2023ರಲ್ಲಿ ಅವರು ಮಾಡಿದ ಕನ್ನಡ ಚಿತ್ರದ ಹೆಸರು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು ಎಂದು ಅರ್ಥ. ಚಿತ್ರದ ಅವಧಿ 16 ನಿಮಿಷ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ.

ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಾಗಿಯೇ ‘ಲಾ ಸಿನೆಫ್’ ಎಂಬ ವಿಭಾಗವಿದೆ. 2024ರಲ್ಲಿ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಅಲ್ಲಿಗೆ ಬಂದಿದ್ದವು. ಅವುಗಳಲ್ಲಿ ಆರಿಸಿದ್ದು 18ನ್ನು. ಆ ಹದಿನೆಂಟರಲ್ಲಿ ಮೊದಲ ಬಹುಮಾನ, 15,000 ಯೂರೋ ಹಣದೊಡನೆ, ಈ ಕನ್ನಡ ಚಿತ್ರಕ್ಕೆ ದೊರೆಯಿತು.

ಬಹುಮಾನದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವು ಹೆಮ್ಮೆಪಟ್ಟೆವು. ಹೆಮ್ಮೆಪಟ್ಟು ಸುಮ್ಮನಾದರೆ ಪ್ರಯೋಜನವಿಲ್ಲ. ಅದರಿಂದ ನಾವು ಕಲಿಯಬಹುದಾದುದೇನು ಎಂಬುದನ್ನು ನೋಡಬೇಕು.

ಮೊದಲನೆಯ ಪಾಠ ಕತೆಯದು. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಮುದುಕಿಯ ಕತೆಯನ್ನು ಕೇಳದ ಕನ್ನಡಿಗನುಂಟೆ? ಆ ಬಗೆಯ ಜಾನಪದದಿಂದಲೇ ಈ ಚಿತ್ರ ಹುಟ್ಟಿದೆ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ. ಸೂರ್ಯ ಮೂಡುವುದೇ ಇಲ್ಲ. ಊರೆಲ್ಲ ಕತ್ತಲು. ಹುಂಜವನ್ನು ಮರಳಿ ಪಡೆಯಲು ಊರವರು ಭವಿಷ್ಯವಾಣಿಯೊಂದನ್ನು ನೆಚ್ಚಿ, ಮುದುಕಿಯ ಮನೆಯವರನ್ನು ಊರು ಬಿಡಿಸುತ್ತಾರೆ. ಚಿಕ್ಕಂದಿನಿಂದ ಕೇಳಿ ಬೆಳೆದ ಕತೆ ಇದೆಂದೂ, ಇದನ್ನು ಚಿತ್ರ ಮಾಡಬೇಡವೆಂದು ಹೇಳಿದವರಿದ್ದರೆಂದೂ ಶ್ರೀ ನಾಯಕ್ ಅವರೇ ಹೇಳಿದ್ದಾರೆ. ಅವರು ಕತೆಯನ್ನು ಬಿಡಲಿಲ್ಲ. ಅಜ್ಜಿ ಹೇಳುವಂಥ ಕತೆ ಕನ್ನಡದಲ್ಲಿಯೇ ಇದ್ದು ಪರದೇಶದವರಿಗೂ ಮುಟ್ಟಿತು.

ಎರಡನೆಯದು ಕೂಡಿ ದುಡಿಯುವ ಪಾಠ. ನಿರ್ದೇಶನ ಚಿದಾನಂದ ನಾಯಕ್ ಅವರದು, ಛಾಯಾಗ್ರಹಣ ಸೂರಜ್ ಠಾಕೂರ್ ಅವರದು, ಸಂಕಲನ ವಿ. ಮನೋಜ್ ಅವರದು, ಶಬ್ದ ಅಭಿಷೇಕ್ ಕದಂ ಅವರದು. ಹೆಸರು ದೊಡ್ಡದಾಗುವುದು ನಿರ್ದೇಶಕನದು. ಆದರೆ ನಾಲ್ವರಲ್ಲಿ ಒಬ್ಬ ಕೈಬಿಟ್ಟರೂ ಚಿತ್ರವಿಲ್ಲ. ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ನೂಲುವ ಖಾತೆ ನಿಂತರೆ ನೇಯುವ ಖಾತೆಗೆ ಕೆಲಸವಿಲ್ಲ. ಒಳಗೆ ಭಟ್ಟರು ಎಷ್ಟು ಚೆನ್ನಾಗಿ ದೋಸೆ ಹುಯ್ದರೂ ಲೋಟ ತೊಳೆಯುವ ಹುಡುಗ ಬಾರದ ದಿನ ಹೋಟೆಲು ನಡೆಯುವುದಿಲ್ಲ. ಗಲ್ಲಾದ ಮೇಲೆ ಕುಳಿತವರ ಮುಖ ಮಾತ್ರ ಗಿರಾಕಿಗೆ ನೆನಪಿರುತ್ತದೆ.

ಮೂರನೆಯದು ಮಿತಿಯ ಪಾಠ. ನಾಲ್ಕು ದಿನವೆಂದರೆ ಯೋಚಿಸುತ್ತ ನಿಲ್ಲಲು ಸಮಯವಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಮಾತು ಬೇಕು, ಯಾವುದು ಬೇಡ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಬೆಳಿಗ್ಗೆ ಆರು ಗಂಟೆಗೆ ಇಡ್ಲಿ ಬೇಕಾದರೆ ಹಿಂದಿನ ಸಂಜೆಯೇ ಹಿಟ್ಟು ರುಬ್ಬಿಟ್ಟಿರಬೇಕಲ್ಲವೇ? ಇನ್ನೊಂದು ಮಾತು: ಕತೆಯಲ್ಲಿ ಊರಿಗೆ ಹಗಲೇ ಇಲ್ಲ. ಕಣ್ಣಿಗೆ ಕಾಣುವುದು ಕಡಿಮೆಯಾದಾಗ ಕಿವಿಯ ಕೆಲಸ ಹೆಚ್ಚುತ್ತದೆ. ಕಿರುಚಿತ್ರಕ್ಕೆ ಕೈಹಾಕುವ ನಮ್ಮ ಹುಡುಗರು ಕ್ಯಾಮರದ ವಿಚಾರವನ್ನಷ್ಟೇ ಮಾತನಾಡದೆ ಶಬ್ದ ಹಿಡಿಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಬೇಕು.

ಕಲಿಯುವಾಗ ಮಾಡಿದ ಕೆಲಸವೆಂದು ಇಂಥದನ್ನು ಹಗುರವಾಗಿ ಕಾಣಬಾರದು. ಶ್ರೀ ಗಿರೀಶ್ ಕಾಸರವಳ್ಳಿ ಅದೇ ಪುಣೆಯ ಸಂಸ್ಥೆಯ ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ಕಿರುಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಅದರ ಹಿಂದೆಯೇ 1977ರಲ್ಲಿ ‘ಘಟಶ್ರಾದ್ಧ’ ಬಂದು ಸ್ವರ್ಣಕಮಲವನ್ನು ಗೆದ್ದಿತು.

ಇನ್ನು ನಮ್ಮ ಮುಂಬಯಿಯ ಮಾತಿಗೆ ಬರೋಣ. ಕನ್ನಡ ಚಿತ್ರಕ್ಕೆ ಬಹುಮಾನ ಬಂದ ಅದೇ ವಾರ, ಅದೇ ಕಾನ್‌ನಲ್ಲಿ, ಮುಂಬಯಿಯಲ್ಲಿ ಹುಟ್ಟಿದ ಶ್ರೀಮತಿ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಚಿತ್ರಕ್ಕೆ ಗ್ರಾಂ ಪ್ರಿ ಎಂಬ ಎರಡನೆಯ ದೊಡ್ಡ ಪ್ರಶಸ್ತಿ ಸಿಕ್ಕಿತು. ಅವರೂ ಪುಣೆಯ ಸಂಸ್ಥೆಯಲ್ಲಿ ಕಲಿತವರೇ. ವಿದ್ಯಾರ್ಥಿಯಾಗಿ ಮಾಡಿದ ಕಿರುಚಿತ್ರದೊಡನೆ 2017ರಲ್ಲಿಯೇ ಕಾನ್‌ಗೆ ಹೋಗಿ ಬಂದಿದ್ದರು. ಈ ಚಿತ್ರದಲ್ಲಿರುವವರು ನಮ್ಮಂಥವರು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಇಬ್ಬರು ಮಲಯಾಳಿ ದಾದಿಯರು. ಅವರ ಜೊತೆ ಆಸ್ಪತ್ರೆಯಲ್ಲಿ ಅಡುಗೆ ಮಾಡುವ ಒಬ್ಬ ವಿಧವೆ. ಅನೇಕ ವರ್ಷ ಬಾಳಿದ ಮನೆಯನ್ನು ಬಿಲ್ಡರ್ ಕೆಡವಲು ನಿಂತಾಗ, ಇದು ನನ್ನ ಮನೆ ಎಂದು ತೋರಿಸಲು ಅವಳ ಕೈಯಲ್ಲಿ ಒಂದು ಕಾಗದವೂ ಇಲ್ಲ.

ಬಂಧುಗಳೇ, ಲಾಲ್‌ಬಾಗ್, ಪರೇಲ್‌ಗಳಲ್ಲಿ ಬಾಳಿದವರಿಗೆ ಆ ಹೆಂಗಸು ಅಪರಿಚಿತಳಲ್ಲ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹುಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಫೀನಿಕ್ಸ್ ಮಿಲ್ಲು ಇದ್ದ ಜಾಗದಲ್ಲಿ ಇಂದು ಮಾಲು ಇದೆ. ಆಗ ಇಪ್ಪತ್ತೈದರ ಪ್ರಾಯದಲ್ಲಿದ್ದವರು ಈಗ ಎಪ್ಪತ್ತರ ಹೊಸ್ತಿಲಲ್ಲಿದ್ದಾರೆ. ಭೋಂಗಾ ಕೂಗಿದೊಡನೆ ಓಡಿದ್ದು, ಬದಲಿ ಕೆಲಸಕ್ಕಾಗಿ ಗೇಟಿನಲ್ಲಿ ಕಾದದ್ದು, ಹಗಲೆಲ್ಲ ಮೇಜು ಒರೆಸಿ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತದ್ದು, ಊರಿಗೆ ಮನಿಯಾರ್ಡರು ಕಳಿಸಿ ಕೈ ಖಾಲಿಯಾದದ್ದು, ಇವನ್ನೆಲ್ಲ ಅವರು ನಮ್ಮೊಡನೆ ಕನ್ನಡದಲ್ಲಿ, ತುಳುವಿನಲ್ಲಿ ಹೇಳುತ್ತಾರೆ. ನಮ್ಮ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಾರೆ. ಹೋಗಲಿ, ಅದು ತಪ್ಪಲ್ಲ. ಆದರೆ ಈ ಮಾತುಗಳನ್ನು ಅವರು ಎಲ್ಲಿ ಕೇಳಬೇಕು? ಮಲಯಾಳಿ ದಾದಿಯ ಬಾಳು ಪರದೆಗೆ ಬಂತು. ಉಡುಪಿಯ ಕಡೆಯ ಹೋಟೆಲು ಹುಡುಗನ ಬಾಳನ್ನು ಬೇರೆ ಯಾರೋ ಬಂದು ಹೇಳಲೆಂದು ನಾವು ಕಾದು ಕುಳಿತರೆ, ಹೇಳಬೇಕಾದವರೇ ಇಲ್ಲವಾಗುತ್ತಾರೆ.

ಸಿನೆಮಾದ ಹುಚ್ಚು ಹುಡುಗರನ್ನು ಕೆಡಿಸೀತು, ಇರುವ ಹಣ ಮಕ್ಕಳ ಫೀಸಿಗೆ ಹೋಗಲಿ ಎಂಬ ಹಿರಿಯರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ವಿದ್ಯಾರ್ಥಿನಿಧಿಯ ಒಂದು ಕಾಸನ್ನೂ ಇದಕ್ಕೆ ಮುಟ್ಟಬಾರದು. ಇಂದು ನಮ್ಮ ಎಷ್ಟೋ ಮಂದಿಯ ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ಕ್ಯಾಮರ ಇದೆ. ವಾರ್ಷಿಕೋತ್ಸವದ ಮಂಟಪದ ಅಲಂಕಾರವನ್ನು ಸ್ವಲ್ಪ ಕಡಿಮೆ ಮಾಡಿದರೆ ಉಳಿದ ಖರ್ಚು ಹೊರಡುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಕತೆ ಈ ಸಭೆಯಲ್ಲಿ ಕುಳಿತ ಹಿರಿಯರೊಬ್ಬರ ಬಾಯಿಂದಲೇ ಬರಲಿ. ಕೆಲಸ ನಾಲ್ವರಲ್ಲಿ ಹಂಚಿಕೆಯಾಗಲಿ. ನಾಲ್ವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬರಲಿ. ಚಿತ್ರೀಕರಣ ನಾಲ್ಕು ದಿನ ಮೀರದಿರಲಿ, ಚಿತ್ರ ಹದಿನೈದು ನಿಮಿಷ ಮೀರದಿರಲಿ. ಮೊದಲ ಪ್ರದರ್ಶನ ಈ ಸಭಾಗೃಹದಲ್ಲಿ, ಕತೆ ಹೇಳಿದ ಹಿರಿಯರ ಮುಂದೆ ನಡೆಯಲಿ. ಇದು ನಮ್ಮದಲ್ಲ ಎಂದು ಅವರು ಹೇಳಿದ ಭಾಗವನ್ನು ತಿದ್ದಿಯೇ ಹೊರಗೆ ತೋರಿಸಲಿ.

ಹುಡುಗರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಬಿಡುವು. ಹೋಟೆಲಿನಲ್ಲಿ ಒಬ್ಬನ ರಜೆ ಸೋಮವಾರ, ಇನ್ನೊಬ್ಬನದು ಗುರುವಾರ. ನಾಲ್ವರು ಒಂದೇ ದಿನ ಕೂಡುವುದು ಸುಲಭವಲ್ಲ. ಅವರ ಜೊತೆಯಲ್ಲಿ ದುಡಿಯುವವರು ನಾಲ್ಕು ದಿನ ಪಾಳಿ ಬದಲಾಯಿಸಿಕೊಂಡು ಅವರನ್ನು ಬಿಡಬೇಕು. ಯಾರು ಯಾವ ದಿನ ಪಾಳಿ ವಹಿಸಿಕೊಳ್ಳುವಿರೆಂದು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಯಿಸಿ ಹೋಗಬೇಕೆಂದು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.