ಶಾಲೆಯನ್ನು ಆಳುವವರು ಯಾರು?

 

ವಿದ್ಯಾದಾನದ ಮಹಿಮೆಯನ್ನು ಮಠದ ಅಂಗಳದಲ್ಲಿ ನಿಂತು ವರ್ಣಿಸುವದು ಹೊಳೆಯ ದಂಡೆಯಲ್ಲಿ ನೀರು ಮಾರಿದಂತೆ. ಭಕ್ತರು ತಂದೊಪ್ಪಿಸಿದ ಕಾಳುಕಡಿಯಿಂದ ಪ್ರಸಾದನಿಲಯಗಳು ನಡೆದುವು. ಜೋಳಿಗೆಯ ಭಿಕ್ಷೆಯಿಂದ ಪಾಠಶಾಲೆಗಳು ಎದ್ದುವು. ಇದನ್ನು ಬಲ್ಲವರ ಮುಂದೆ ಇಂದು ವಿಚಾರಕ್ಕೆ ತೆಗೆದುಕೊಂಡಿರುವದು ಬೇರೊಂದು ಪ್ರಶ್ನೆ. ಶಾಲೆಗೆ ಹಣ ಕೊಡುವವರು ಒಬ್ಬರು, ಅದನ್ನು ಆಳುವವರು ಇನ್ನೊಬ್ಬರು, ಅದರಲ್ಲಿ ಕಲಿಯುವ ಮಕ್ಕಳು ಮತ್ತಾರದೋ ಮನೆಯವರು ಎಂದಾದಾಗ, ಆ ಮಕ್ಕಳ ಹಿತವನ್ನು ಕಾಯುವವರು ಯಾರು? ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು ಈ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರವನ್ನು ಕೊಡುತ್ತ ಬಂದಿವೆ: ಶಾಲೆಯನ್ನು ಆ ಊರಿನವರೇ ಆಳಲಿ ಎಂಬದು. ಆ ಉತ್ತರದ ಗುಣವನ್ನೂ ದೋಷವನ್ನೂ ಅರಿಯುವದು ಊರೂರಿನಲ್ಲಿ ಶಾಲೆಗಳನ್ನು ಪೋಷಿಸುವ ಭಕ್ತರಿಗೆ ಅವಶ್ಯವಾದುದು.

ಕ್ರಿ. ಶ. 1647ರಲ್ಲಿ ಮ್ಯಾಸಚುಸೆಟ್ಸ್ ಎಂಬ ವಸಾಹತಿನಲ್ಲಿ ಒಂದು ಕಾಯದೆಯಾಯಿತು. ಐವತ್ತು ಮನೆಗಳುಳ್ಳ ಪ್ರತಿಯೊಂದು ಊರು ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ನೇಮಿಸತಕ್ಕದ್ದು. ಮನೆಗಳು ನೂರಾದರೆ ವ್ಯಾಕರಣಶಾಲೆಯೊಂದನ್ನು ಸ್ಥಾಪಿಸತಕ್ಕದ್ದು. ಜನರು ಧರ್ಮಗ್ರಂಥವನ್ನು ತಾವೇ ಓದಲಾರದೆ ಸೈತಾನನ ವಂಚನೆಗೆ ಒಳಗಾಗಬಾರದೆಂಬದೇ ಆ ಕಾಯದೆಯ ಪೀಠಿಕೆಯಲ್ಲಿ ಹೇಳಿದ ಕಾರಣ. ಆ ದೇಶದ ಸಾರ್ವಜನಿಕ ಶಾಲೆಯ ಬೇರು ಧರ್ಮಶ್ರದ್ಧೆಯಲ್ಲಿಯೇ ಇತ್ತೆಂಬದು ಮಠದ ಶಿಷ್ಯರಿಗೆ ಆಶ್ಚರ್ಯವನ್ನುಂಟುಮಾಡಲಾರದು. ಉಪಾಧ್ಯಾಯನ ಸಂಬಳವನ್ನು ಮಕ್ಕಳ ತಂದೆತಾಯಿಗಳಾದರೂ ಕೊಡಬಹುದು, ಊರಿನವರೆಲ್ಲರಾದರೂ ಕೊಡಬಹುದು ಎಂದಿತ್ತು. ಮುಂದೆ 1837ರಲ್ಲಿ ಅದೇ ಸಂಸ್ಥಾನದ ವಿದ್ಯಾಮಂಡಲಿಗೆ ಕಾರ್ಯದರ್ಶಿಯಾದ ಹೊರೇಸ್ ಮ್ಯಾನ್ ಎಂಬವನು, ಶಾಲೆಯು ಬಡವ ಬಲ್ಲಿದರ ಮಕ್ಕಳು ಕೂಡಿ ಕಲಿಯುವ ಸ್ಥಳವೆಂದೂ, ಮಕ್ಕಳಿಲ್ಲದವನು ಸಹ ಅದರ ವೆಚ್ಚವನ್ನು ಹೊರಬೇಕೆಂದೂ ಹನ್ನೆರಡು ವರ್ಷ ಬೋಧಿಸಿದನು. ಕ್ರಮೇಣ ಇದೇ ತತ್ವವು ನೆಲೆಗೊಂಡಿತು.

ಅಲ್ಲಿ ಶಾಲೆಗಳ ಆಡಳಿತಕ್ಕೆಂದೇ ಬೇರೆಯಾಗಿ ಕಟ್ಟಿದ ಕ್ಷೇತ್ರಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎಂದು ಹೆಸರು. ಹೆಸರನ್ನು ಕೇಳಿ ಅದು ಇಲ್ಲಿಯ ಜಿಲ್ಲೆಯಷ್ಟು ವಿಸ್ತಾರವಾದುದೆಂದು ಭಾವಿಸಬಾರದು. ಶಾಲಾವಲಯ ಎನ್ನುವದೇ ಯುಕ್ತ. 1931-32ರಲ್ಲಿ ಇಂಥ ವಲಯಗಳು 1,27,000ಕ್ಕೂ ಹೆಚ್ಚಾಗಿದ್ದುವು. ಅನೇಕ ವಲಯಗಳಲ್ಲಿ ಏಕೋಪಾಧ್ಯಾಯ ಶಾಲೆಯೊಂದೇ ಸರ್ವಸ್ವವಾಗಿತ್ತು. ರಸ್ತೆಗಳಾಗಿ, ಮಕ್ಕಳನ್ನು ಕರೆದೊಯ್ಯುವ ಮೋಟಾರುಗಳು ಬಂದ ಮೇಲೆ ಸಣ್ಣವು ದೊಡ್ಡವುಗಳಲ್ಲಿ ಸೇರಿಹೋಗಿ, ಈಗ ಸುಮಾರು 13,000 ಉಳಿದಿವೆ. ಇವುಗಳಲ್ಲಿ ಅರ್ಧಕ್ಕೆ ಸಮೀಪ ಸಂಖ್ಯೆಯವು ಒಂದು ಸಾವಿರ ಮಕ್ಕಳೂ ಇಲ್ಲದ ಸಣ್ಣ ವಲಯಗಳೇ. ಹವಾಯಿ ದ್ವೀಪಗಳಲ್ಲಿ ಮಾತ್ರ ಸಂಸ್ಥಾನವೆಲ್ಲವೂ ಒಂದೇ ವಲಯ.

ಸಣ್ಣ ವಲಯದ ಆಡಳಿತವು ಈ ಬಗೆಯದು. ಊರಿನ ಮತದಾರರು ಸಾಮಾನ್ಯವಾಗಿ ಐದು ಅಥವಾ ಏಳು ಮಂದಿಯ ಶಾಲಾಮಂಡಲಿಯನ್ನು ಆರಿಸುವರು. ಒಕ್ಕಲಿಗ, ಅಂಗಡಿಕಾರ, ವೈದ್ಯ, ಗೃಹಿಣಿ, ಯಾರು ಬೇಕಾದರೂ ಸದಸ್ಯರಾಗಬಹುದು. ಬಹಳ ಕಡೆ ಅವರಿಗೆ ಸಂಬಳವಿಲ್ಲ. ಸಭೆಯು ಬಹಿರಂಗವಾಗಿ ನಡೆಯುವದು. ಊರಿನವರು ಬಂದು ಕುಳಿತು ಕೇಳಬಹುದು, ಎದ್ದುನಿಂತು ಮಾತನಾಡಲೂಬಹುದು. ಮಂಡಲಿಯು ಸುಪರಿಂಟೆಂಡೆಂಟ್ ಎಂಬ ಒಬ್ಬ ವೃತ್ತಿನಿಪುಣನನ್ನು ನೇಮಿಸುವದು. ಏನಾಗಬೇಕೆಂದು ನಿಶ್ಚಯಿಸುವದು ಮಂಡಲಿಯ ಅಧಿಕಾರ. ಅದನ್ನು ಆಗಮಾಡಿಸುವದು ಆ ಅಧಿಕಾರಿಯ ಹೊಣೆ. ಈ ಎರಡರ ನಡುವಣ ಗೆರೆಯನ್ನು ಮೀರಿ ಸದಸ್ಯನೊಬ್ಬನು ಉಪಾಧ್ಯಾಯರಿಗೆ ನೇರವಾಗಿ ಅಪ್ಪಣೆ ಮಾಡತೊಡಗಿದರೆ ಶಾಲೆ ಕೆಡುವದು. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಸಣ್ಣ ಊರಿನಲ್ಲಿ ಆ ಗೆರೆಯನ್ನು ಕಾಪಾಡುವದು ಸುಲಭದ ಮಾತಲ್ಲ. ಇದನ್ನು ಅರಿಯಲು ಅಮೇರಿಕೆಗೆ ಹೋಗಬೇಕಾಗಿಲ್ಲವಷ್ಟೆ!

ಹಣದ ಮೂಲವು ಮೂರು. ದೇಶದ ಕೇಂದ್ರ ಸರಕಾರದಿಂದ ಬರುವದು ನೂರಕ್ಕೆ ಹತ್ತರ ಆಸುಪಾಸು. ಮಿಕ್ಕುದನ್ನು ಸಂಸ್ಥಾನ ಸರಕಾರವೂ ಸ್ಥಳೀಯರೂ ಹೆಚ್ಚು ಕಡಿಮೆ ಸಮವಾಗಿ ಹೊರುವರು. ಸ್ಥಳೀಯರ ಪಾಲಿನ ಬಹುಭಾಗವು ಮನೆ ಹೊಲಗಳ ಬೆಲೆಯ ಮೇಲೆ ಹಾಕುವ ತೆರಿಗೆಯಿಂದ ಬರುವದು. ನ್ಯೂಯಾರ್ಕ್ ಸಂಸ್ಥಾನದಲ್ಲಿ, ದೊಡ್ಡ ನಗರಗಳನ್ನು ಬಿಟ್ಟು, ಪ್ರತಿ ವರ್ಷ ಮೇ ತಿಂಗಳ ಮೂರನೆಯ ಮಂಗಳವಾರ ವಲಯದ ಆಯವ್ಯಯವನ್ನೇ ಜನರ ಮತಕ್ಕೆ ಹಾಕುವರು. ಜನರು ಒಪ್ಪದಿದ್ದರೆ ಇನ್ನೊಮ್ಮೆ ಕೇಳಬಹುದು. ಎರಡನೆಯ ಬಾರಿಯೂ ತಿರಸ್ಕೃತವಾದರೆ ತೆರಿಗೆಯನ್ನು ಏರಿಸದೆ ಮಿತವ್ಯಯದಿಂದ ನಡೆಯಬೇಕು. ತನ್ನ ಊರಿನ ಶಾಲೆಗೆ ಈ ವರ್ಷ ಎಷ್ಟು ಕೊಡಬೇಕೆಂದು ಸಾಮಾನ್ಯ ಒಕ್ಕಲಿಗನು ತಾನೇ ನಿರ್ಣಯಿಸುವನು. ಇದು ನಿಜವಾಗಿಯೂ ಸ್ತುತ್ಯವಾದ ಪದ್ಧತಿ. ಆದರೂ ಶಾಲಾಮಂಡಲಿಯ ಚುನಾವಣೆಗಳಿಗೆ ಮತದಾರರಲ್ಲಿ ಬರುವವರು ಕೆಲವರೇ ಎಂಬದನ್ನು ಮರೆಮಾಚಬಾರದು.

ಇಂಥ ಶಾಲೆಯು ಎಷ್ಟು ಚೆನ್ನಾಗಿ ನಡೆಯುತ್ತಿದೆಯೆಂದು ಅಳೆಯುವದು ಹೇಗೆ? 2002ರ ಕಾಯದೆಯೊಂದು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಓದಿನಲ್ಲಿಯೂ ಗಣಿತದಲ್ಲಿಯೂ ಪರೀಕ್ಷೆಯಾಗಬೇಕೆಂದೂ, 2014ರೊಳಗೆ ಸಕಲ ಮಕ್ಕಳೂ ನಿಯತ ಮಟ್ಟವನ್ನು ಮುಟ್ಟಬೇಕೆಂದೂ ವಿಧಿಸಿತು. ಬಡಮಕ್ಕಳ, ವರ್ಣಭೇದಕ್ಕೆ ಗುರಿಯಾದ ಮಕ್ಕಳ, ಅಂಗವಿಕಲರ ಫಲಿತಾಂಶಗಳನ್ನು ಬೇರೆಬೇರೆಯಾಗಿ ಪ್ರಕಟಿಸಬೇಕೆಂದದ್ದು ಅದರ ಗುಣ. ಒಟ್ಟು ಮೊತ್ತದ ಮರೆಯಲ್ಲಿ ಅವರ ಹಿನ್ನಡೆಯನ್ನು ಅಡಗಿಸಲು ಬಾರದಾಯಿತು. 2014 ಬಂದಿತು, ಗುರಿಯು ಕೈಗೂಡಲಿಲ್ಲ. 2015ರ ಹೊಸ ಕಾಯದೆಯು ಪರೀಕ್ಷೆಗಳನ್ನು ಉಳಿಸಿ, ತಿದ್ದುವ ಅಧಿಕಾರದ ಬಹುಪಾಲನ್ನು ಸಂಸ್ಥಾನಗಳಿಗೆ ಮರಳಿಸಿತು. ಸಣ್ಣ ವಲಯಕ್ಕಂತೂ ಈ ಅಳತೆಗೋಲು ಅಷ್ಟು ಹೊಂದುವದಿಲ್ಲ. ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಒಂದು ಮಗುವಿನ ಜ್ವರವು ಶಾಲೆಯ ಫಲಿತಾಂಶವನ್ನು ನೂರಕ್ಕೆ ಹತ್ತು ಇಳಿಸಬಲ್ಲದು. ಮರುವರ್ಷ ಒಬ್ಬ ಚುರುಕು ಬಾಲಕಿಯು ಅದನ್ನು ಅಷ್ಟೇ ಏರಿಸಬಲ್ಲಳು. ಒಂದು ವರ್ಷದ ಅಂಕೆಯನ್ನು ಹಿಡಿದು ಗುರುವನ್ನು ಹೊಗಳುವದೂ ತೆಗಳುವದೂ ಅವಿವೇಕ.

ಅಂಕೆಗಳ ಮಾತು ಇಷ್ಟು ಸಾಕು. ಪರೀಕ್ಷೆಗೆ ಕೂಡುವ ಮೊದಲು ಮಗುವು ಶಾಲೆಯ ಬಾಗಿಲನ್ನು ದಾಟಬೇಕಷ್ಟೆ. ಊರಿನವರ ಆಳಿಕೆಯು ಆ ಬಾಗಿಲನ್ನೇ ಮುಚ್ಚಿದ ಕಥೆಯೊಂದುಂಟು. ಅದನ್ನು ಸವಿಸ್ತಾರವಾಗಿ ಕೇಳಬೇಕು.

ವರ್ಜೀನಿಯಾ ಸಂಸ್ಥಾನದಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ಹೊಗೆಸೊಪ್ಪು ಬೆಳೆಯುವ ಸಣ್ಣ ಕೌಂಟಿಯುಂಟು. ಕೌಂಟಿಯೆಂದರೆ ಇಲ್ಲಿಯ ತಾಲೂಕಿನಂಥದು. ಅದರ ಮುಖ್ಯ ಪಟ್ಟಣ ಫಾರ್ಮ್‌ವಿಲ್. ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪುವರ್ಣದ ಮಕ್ಕಳಿಗೆ ಇನ್ನೊಂದು. ಎರಡನೆಯವರ ಮೋಟನ್ ಪ್ರೌಢಶಾಲೆಯನ್ನು 1939ರಲ್ಲಿ 180 ವಿದ್ಯಾರ್ಥಿಗಳಿಗೆಂದು ಕಟ್ಟಿದ್ದರು. 1951ರ ಹೊತ್ತಿಗೆ ಅವರ ಸಂಖ್ಯೆ 450ನ್ನು ಮೀರಿತ್ತು. ಮಂಡಲಿಯು ಕಟ್ಟಡವನ್ನು ಬೆಳೆಸಲಿಲ್ಲ. ಡಾಂಬರು ಕಾಗದವನ್ನು ಹೊದಿಸಿದ ಮರದ ಜೋಪಡಿಗಳನ್ನು ಹಾಕಿಸಿತು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಬಾಲಿಕೆಯು ಸಹಪಾಠಿಗಳನ್ನು ಕರೆದುಕೊಂಡು ತರಗತಿಗಳಿಂದ ಹೊರಗೆ ನಡೆದಳು. ಆ ಮಕ್ಕಳ ಬೆನ್ನಿಗೆ ನಿಂತವರಲ್ಲಿ ಆ ಪಟ್ಟಣದ ಫಸ್ಟ್ ಬ್ಯಾಪ್ಟಿಸ್ಟ್ ದೇವಮಂದಿರದ ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಪ್ರಮುಖರು. ವ್ಯಾಜ್ಯವು ಕೋರ್ಟಿಗೆ ಹೋಯಿತು. 1954ರ ಮೇ 17ರಂದು ದೇಶದ ಸರ್ವೋಚ್ಚ ನ್ಯಾಯಾಲಯವು ವರ್ಣಭೇದದ ಶಾಲೆಗಳು ಸಲ್ಲವೆಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಅಡಕವಾದ ಐದು ವ್ಯಾಜ್ಯಗಳಲ್ಲಿ ಫಾರ್ಮ್‌ವಿಲ್ಲಿನ ಮಕ್ಕಳದೂ ಒಂದು.

ಊರಿನ ಮುಖಂಡರು ಬಗ್ಗಲಿಲ್ಲ. ಶಾಲೆಗಳನ್ನು ನಡೆಸುವ ಮಂಡಲಿಗೆ ವರ್ಜೀನಿಯಾದಲ್ಲಿ ತೆರಿಗೆ ಹಾಕುವ ಅಧಿಕಾರವಿಲ್ಲ. ಅದು ಕೌಂಟಿಯ ಪಂಚರ ಕೈಯಲ್ಲಿರುವದು. ಮಕ್ಕಳನ್ನು ಕೂಡಿಸಿ ಕಲಿಸಿರೆಂದು ನ್ಯಾಯಾಲಯವು ಗಡುವು ಹಾಕಿದಾಗ, ಆ ಪಂಚರು 1959ರ ಜೂನಿನಲ್ಲಿ ಶಾಲೆಗಳಿಗಾಗಿ ತೆರಿಗೆಯನ್ನೇ ಎತ್ತುವದಿಲ್ಲವೆಂದು ನಿಶ್ಚಯಿಸಿದರು. ಆ ಪಂಚರಲ್ಲಿ ಕಪ್ಪುವರ್ಣದವನು ಒಬ್ಬನೂ ಇರಲಿಲ್ಲ. ಸಾರ್ವಜನಿಕ ಶಾಲೆಗಳೆಲ್ಲವೂ ಮುಚ್ಚಿದುವು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆಯೊಂದು ಸಿದ್ಧವಾಯಿತು. ಅದಕ್ಕೆ ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯತಿಯೂ ದೊರೆಯಿತು. ಉಳಿದ ಸಾವಿರಾರು ಮಕ್ಕಳಿಗೆ ಐದು ವರ್ಷ ಸಾರ್ವಜನಿಕ ಶಾಲೆಯೆಂಬದಿಲ್ಲ. ಕೆಲವರನ್ನು ದೂರದ ನೆಂಟರ ಮನೆಗಳಿಗೆ ಕಳುಹಿದರು. ಕೆಲವರು ಪರಸ್ಥಳದ ಸಜ್ಜನರ ಆಶ್ರಯದಲ್ಲಿ ಕಲಿತರು. ಚಿಕ್ಕವರಿಗೆ ದೇವಮಂದಿರಗಳ ನೆಲಮನೆಗಳಲ್ಲಿ ಸ್ವಲ್ಪ ಪಾಠವಾಗುತ್ತಿತ್ತು. ಹೊಲಗಳಿಗೆ ಕೂಲಿಗೆ ಹೋದವರೂ ಇದ್ದರು. ಏಳನೆಯ ವರ್ಷದಲ್ಲಿ ಅಕ್ಷರವನ್ನು ಕಲಿಯಬೇಕಾದ ಮಗುವು ಹನ್ನೆರಡಕ್ಕೆ ಅದನ್ನು ಆರಂಭಿಸುವದೆಂದರೆ ಏನೆಂಬದನ್ನು ಪಾಠಶಾಲೆಯಲ್ಲಿ ಪಾಠ ಹೇಳಿದವರು ಬಲ್ಲರು.

1964ರ ಮೇ 25ರಂದು ಸರ್ವೋಚ್ಚ ನ್ಯಾಯಾಲಯವು ಈ ಕಾರ್ಯವು ಸಂವಿಧಾನಕ್ಕೆ ವಿರುದ್ಧವೆಂದೂ, ಶಾಲೆಗಳನ್ನು ತೆರೆಯಲು ತೆರಿಗೆ ಎತ್ತಿರೆಂದು ಪಂಚರಿಗೆ ಆಜ್ಞಾಪಿಸಬಹುದೆಂದೂ ತೀರ್ಮಾನಿಸಿತು. ಆ ವ್ಯಾಜ್ಯಕ್ಕೆ ಪಾದ್ರಿ ಗ್ರಿಫಿನ್ನರ ಮಕ್ಕಳ ಹೆಸರೇ ಇದೆ. ಶಾಲೆಗಳು ತೆರೆದುವು. 2004ರಲ್ಲಿ ವರ್ಜೀನಿಯಾ ಸರಕಾರವು, ಅಂದು ಶಾಲೆ ತಪ್ಪಿದವರಿಗೆ ವಿದ್ಯಾಭ್ಯಾಸವನ್ನು ಮುಂದುವರಿಸಲು ವಿದ್ಯಾರ್ಥಿವೇತನವನ್ನು ಏರ್ಪಡಿಸಿತು. ಆಗ ಅವರ ತಲೆಗೂದಲು ನರೆತಿತ್ತು.

ಮಹಾಶಯರೇ, ಇದು ಊರಿನವರ ಮನಸ್ಸು ಕಿರಿದಾದಾಗ ಆಗುವ ಕೇಡು. ಬೊಕ್ಕಸ ಕಿರಿದಾದಾಗ ಆಗುವ ಕೇಡು ಇನ್ನೊಂದು. ಟೆಕ್ಸಸ್ ಸಂಸ್ಥಾನದ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಜ್‌ವುಡ್ ಎಂಬದು ಬಡವರ ವಲಯ, ಅಲಾಮೋ ಹೈಟ್ಸ್ ಎಂಬದು ಸಿರಿವಂತರ ಸಣ್ಣ ವಲಯ. 1967-68ರಲ್ಲಿ ಬಡವರು ನೂರು ಡಾಲರು ಬೆಲೆಯ ಆಸ್ತಿಗೆ 1.05 ಡಾಲರಿನಂತೆ ತೆರಿಗೆ ಕೊಟ್ಟರೂ ಮಗುವೊಂದಕ್ಕೆ ಕೂಡಿದ್ದು 26 ಡಾಲರು, ಸಿರಿವಂತರು 0.85ರಂತೆ ಕೊಟ್ಟು 333 ಡಾಲರು ಕೂಡಿಸಿದರು. ಹೆಚ್ಚು ತ್ಯಾಗ ಮಾಡಿದವರಿಗೆ ಕಡಿಮೆ ಫಲ! ಡೆಮೆಟ್ರಿಯೋ ರಾಡ್ರಿಗೆಜ್ ಮೊದಲಾದ ತಂದೆತಾಯಿಗಳು ನ್ಯಾಯ ಬೇಡಿದರು. 1973ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂಬತ್ತರಲ್ಲಿ ಐವರ ಮತದಿಂದ ಅವರ ಮೊರೆಯನ್ನು ತಳ್ಳಿಹಾಕಿತು. 1989ರಲ್ಲಿ ಟೆಕ್ಸಸಿನ ಸ್ವಂತ ನ್ಯಾಯಾಲಯವೇ ಈ ಏರ್ಪಾಡು ಆ ಸಂಸ್ಥಾನದ ಸಂವಿಧಾನಕ್ಕೆ ಸಲ್ಲದೆಂದು ಒಮ್ಮತದಿಂದ ಸಾರಿತು. 1993ರ ಕಾಯದೆಯು ಸಂಪನ್ನ ವಲಯಗಳ ಹೆಚ್ಚಿನ ಹುಟ್ಟುವಳಿಯಲ್ಲಿ ಪಾಲು ತೆಗೆದು ಬಡ ವಲಯಗಳಿಗೆ ಹಂಚತೊಡಗಿತು. ದಾಸೋಹವನ್ನು ಬಲ್ಲವರಿಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳ್ಳವರು ತಮ್ಮ ಶಾಲೆಯ ಹಣ ಪರರಿಗೆ ಹೋಗುವದೆಂದು ಗೊಣಗದೆ ಇರಲಿಲ್ಲವೆಂಬದೂ ಸತ್ಯ.

ಕರ್ನಾಟಕದಲ್ಲಿ ಏರ್ಪಾಡು ಬೇರೆ. ಸರಕಾರಿ ಶಾಲೆಯ ಉಪಾಧ್ಯಾಯರನ್ನು ನೇಮಿಸುವದೂ ಸಂಬಳ ಕೊಡುವದೂ ರಾಜ್ಯ ಸರಕಾರವೇ; ಆದುದರಿಂದ ಊರಿನ ಹೊಲದ ಬೆಲೆಗೂ ಗುರುವಿನ ಸಂಬಳಕ್ಕೂ ಗಂಟುಬಿದ್ದಿಲ್ಲ. ಊರಿನವರ ಕೈಯನ್ನು ಶಾಲೆಗೆ ಸೇರಿಸಲು 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಸ್ಥಾಪಿಸಲಾಯಿತು. ಭಾರತದ 2009ರ ಶಿಕ್ಷಣ ಹಕ್ಕಿನ ಕಾಯದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಇರಬೇಕೆಂದೂ, ಅರ್ಧದಷ್ಟು ಸ್ತ್ರೀಯರಿರಬೇಕೆಂದೂ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕೆಂದೂ ವಿಧಿಸಿದೆ. ಈ ಕಡೆಯ ನಿಯಮವನ್ನು ಫಾರ್ಮ್‌ವಿಲ್ಲಿನ ಪಂಚರ ಕಥೆಯೊಡನೆ ಇಟ್ಟು ಓದಬೇಕು. ಸಮಿತಿಯ ಪಟ್ಟಿಯಲ್ಲಿ ಹೆಸರಿದ್ದು, ಸಭೆಯ ದಿನ ಕೂಲಿ ತಪ್ಪುವದೆಂದು ಬಾರದ ತಾಯಿಯ ರುಜುವನ್ನು ಅವಳ ಮನೆಗೆ ಹೋಗಿ ಪಡೆಯುವ ವಾಡಿಕೆ ಎಲ್ಲಿಯಾದರೂ ಇದ್ದರೆ, ಅಲ್ಲಿ ಸಭೆಯನ್ನು ಕೂಲಿ ಬಿಟ್ಟ ಮೇಲೆ ಸಂಜೆಗೆ ಕರೆಯುವದು ಒಳಿತು. ಸ್ಥಳದ ಅಭಾವವಾದರೆ ಮಠಗಳ ಪಡಸಾಲೆಗಳು ಸಂಜೆಯ ಹೊತ್ತು ತೆರೆದೇ ಇರುವವು.