ಅಟ್ಟದ ಮೇಲಿನ ಪತ್ರಿಕೆಗಳು



ಸಾಫ್ಟ್‌ವೇರ್ ಕೆಲಸದವನನ್ನು ಕರೆದರೆ ಕಂಪ್ಯೂಟರಿನ ಬಗ್ಗೆ ಮಾತಾಡುತ್ತಾನೆ ಎಂದು ಸಮಿತಿಯವರು ಎಣಿಸಿರಬೇಕು. ನಾನು ಹಳೇ ಪತ್ರಿಕೆಗಳ ಬಗ್ಗೆ ಮಾತಾಡುತ್ತೇನೆ. ಕಂಪ್ಯೂಟರ್ ನಡುವೆ ಬರುತ್ತದೆ.

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಯಾರೋ ಜೋಪಾನವಾಗಿ ಇಟ್ಟದ್ದರಿಂದ ಅದರ ಪುಟಗಳು ಇಂದಿಗೂ ಉಳಿದಿವೆ. ಆದರೆ ಈ ಶಾಲೆ ಶುರುವಾದ ಕಾಲದಲ್ಲಿ ನಮ್ಮದೇ ಪೇಟೆಯಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆ? ಪ್ರೆಸ್ ನಿಂತು ಬಹಳ ವರ್ಷವಾಯಿತು. ಉಳಿದ ಸಂಪುಟಗಳು ಆ ಮನೆಯ ಅಟ್ಟದ ಮೇಲಿದ್ದವು. ಮಳೆಗಾಲಕ್ಕೆ ಮುಂಚೆ ಮನೆ ಕೆಡವಿ ಹೊಸದು ಕಟ್ಟುವವರಿದ್ದಾರೆ, ಪೇಪರ್ ಗುಜರಿಗೆ ಹೋಗುತ್ತದೆ ಎಂದು ಕಳೆದ ವರ್ಷ ತಿಳಿಯಿತು. ನಾವು ನಾಲ್ವರು ಹೋಗಿ ಕೇಳಿದೆವು. ಅವರು ಸಂತೋಷದಿಂದ ಕೊಟ್ಟರು, ಚಹಾವನ್ನೂ ಕೊಟ್ಟರು.

ಪತ್ರಿಕೆಯ ಕಾಗದ ಮರದ ತಿರುಳಿನದು. ಅದರಲ್ಲಿ ಆಮ್ಲದ ಅಂಶ ಇರುತ್ತದೆ. ಹಳದಿಯಾಗಿ, ಮಡಿಕೆ ಬಿದ್ದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಕಡೆಯ ಮಳೆ, ಒರಲೆ ಬೇರೆ. ಹಾಗಾಗಿ ಹೊಲಿಗೆ ಬಿಚ್ಚದೆ, ಮೇಲಿನಿಂದ ಕ್ಯಾಮೆರಾ ಇಟ್ಟು, ಎರಡೂ ಬದಿಯಿಂದ ದೀಪ ಹಾಕಿ ಒಂದೊಂದೇ ಪುಟದ ಚಿತ್ರ ತೆಗೆದೆವು. ಆಮೇಲೆ ಚಿತ್ರದಲ್ಲಿರುವ ಅಕ್ಷರ ಓದುವ ಟೆಸೆರಾಕ್ಟ್ ಎಂಬ ತಂತ್ರಾಂಶಕ್ಕೆ ಕೊಟ್ಟೆವು. ಅದಕ್ಕೆ ಕನ್ನಡ ಬರುತ್ತದೆ, ಖರ್ಚಿಲ್ಲ. ಆದರೆ ಸವೆದ ಮೊಳೆಯಲ್ಲಿ ಅಚ್ಚಾದ ಒತ್ತಕ್ಷರ ಕಂಡರೆ ತಡವರಿಸುತ್ತದೆ. ಒಂದು ಜಾಹೀರಾತನ್ನು ಅದು ಓದಿದ್ದು ಹೀಗೆ: ‘ಒಂದು ಕೊಂಬು ಮುರಿದ ಬಿಳಿ ಧನ ಕಾಣೆಯಾಗಿದೆ.’ ದಕಾರದ ಕೆಳಗೆ ಶಾಯಿ ತಾಗಿತ್ತು, ಅಷ್ಟೆ. ಕೊಂಬಿರುವ ಧನ ಯಾವುದು ಎಂದು ಇಲ್ಲಿನ ಐದನೇ ತರಗತಿಯ ಮಗುವೂ ಕೇಳುತ್ತದೆ, ಯಂತ್ರ ಕೇಳುವುದಿಲ್ಲ. ಊರಿನ, ಬೈಲಿನ, ಮನೆತನದ ಹೆಸರುಗಳಂತೂ ಅದರ ಬಾಯಲ್ಲಿ ಏನೇನೋ ಆಗುತ್ತವೆ. ತಿದ್ದಲು ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೂ ಆಗದು. ಇಲ್ಲಿಯವರೇ ಬೇಕು.

ಪತ್ರಿಕೆಯಲ್ಲಿ ಏನಿದೆ? ಮಂತ್ರಿಗಳ ಭಾಷಣ ಇದೆ, ಅದನ್ನು ಬೇಗ ದಾಟಿದೆ. ಅಡಿಕೆ ಧಾರಣೆ, ಮೇಳದ ಆಟ ಯಾವ ಗದ್ದೆಯಲ್ಲಿ, ಸಂಜೆಯ ಕೊನೇ ಬಸ್ಸು ನಿಂತದ್ದಕ್ಕೆ ಓದುಗರ ಸಿಟ್ಟು, ಇವೆಲ್ಲ ಇವೆ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಹಿರಿಯರು ಈಗಲೂ ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರಲ್ಲ, ಅದು. ಆ ಅರ್ಜಿ ತುಂಬುವುದು ಹೇಗೆ, ಸರ್ವೆ ನಂಬರ್ ಎಲ್ಲಿ ಬರೆಯಬೇಕು ಎಂದು ಪತ್ರಿಕೆ ಮನೆಯ ಹಿರಿಯಣ್ಣನ ಹಾಗೆ ಹೇಳಿಕೊಟ್ಟಿದೆ. ಅದನ್ನು ಇನ್ನೊಬ್ಬರಿಂದ ಓದಿಸಿ ಕೇಳಿ ಅರ್ಜಿ ಹಾಕಿದವರ ಮಕ್ಕಳು ಈ ಶಾಲೆಯ ಮೊದಲ ಬೆಂಚುಗಳಲ್ಲಿ ಕುಳಿತರು.

ಮೊದಲ ತಂಡದ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಸಿಕ್ಕಿತು. ಆಗಿನ ಕ್ರಮದಂತೆ ಬರೀ ರಿಜಿಸ್ಟರ್ ನಂಬರುಗಳು, ಹೆಸರಿಲ್ಲ. ಹೆಸರು ಇರುವುದು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಡಬೇಕು.

ಇನ್ನೊಂದು ವಿಷಯ ಸಭೆಯಲ್ಲಿ ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಒಂದು ಸಂಚಿಕೆಯಲ್ಲಿ ಗೇರುಬೀಜ ಕದ್ದ ಆರೋಪದ ಮೇಲೆ ಒಬ್ಬನನ್ನು ಹಿಡಿದ ಸುದ್ದಿ ಇದೆ. ಹೆಸರು, ತಂದೆಯ ಹೆಸರು, ಮನೆಯ ಹೆಸರು, ಎಲ್ಲ. ಮುಂದಿನ ಆರು ತಿಂಗಳ ಸಂಚಿಕೆ ತಿರುವಿದೆ. ಕೋರ್ಟಿನಲ್ಲಿ ಏನಾಯಿತು ಎಂಬುದು ಎಲ್ಲೂ ಇಲ್ಲ. ಅವನು ಬಿಡುಗಡೆಯಾಗಿದ್ದರೂ ಪತ್ರಿಕೆಯ ಮಟ್ಟಿಗೆ ಕಳ್ಳನಾಗಿಯೇ ಉಳಿದ. ಅಟ್ಟದಲ್ಲಿದ್ದಾಗ ಇದು ಯಾರಿಗೂ ಕಾಣುತ್ತಿರಲಿಲ್ಲ. ನಾವು ಅಂತರ್ಜಾಲಕ್ಕೆ ಹಾಕಿದರೆ ಆ ಮನೆಯ ಹೆಸರು ಹುಡುಕಿದವರಿಗೆ ಮೊದಲು ಸಿಗುವುದೇ ಇದಾಗಬಹುದು. ಮೊಮ್ಮಕ್ಕಳು ಇದೇ ಶಾಲೆಯಲ್ಲಿರಬಹುದು.

ನನ್ನ ಅಭಿಪ್ರಾಯ: ಪುಟದ ಚಿತ್ರ ಪೂರ್ತಿ ಇರಲಿ, ಒಂದು ಸಾಲನ್ನೂ ಅಳಿಸುವುದು ಬೇಡ. ನೋಡಬೇಕೆನ್ನುವವರು ಶಾಲೆಗೆ ಬಂದು ನೋಡಲಿ. ಹುಡುಕಿದರೆ ಸಿಗುವ ಪಠ್ಯದಲ್ಲಿ ಮಾತ್ರ ಪೊಲೀಸ್ ಸುದ್ದಿಯ ಅಂಕಣ ಬೇಡ. ‘ಇತಿಹಾಸಕ್ಕೆ ಕತ್ತರಿ ಹಾಕುತ್ತೀಯಾ’ ಎಂದು ನಮ್ಮ ನಾಲ್ವರಲ್ಲೇ ಒಬ್ಬ ಜಗಳಾಡಿದ. ಅವನ ಮಾತಿನಲ್ಲೂ ಹುರುಳಿದೆ. ತೀರ್ಮಾನ ಹಳೆ ವಿದ್ಯಾರ್ಥಿ ಸಂಘ ಮಾಡಲಿ, ಆದರೆ ಹಾಕುವ ಮೊದಲು ಮಾಡಲಿ.

ನಡುವಿನ ಎರಡು ವರ್ಷದ ಸಂಪುಟಗಳು ನಮ್ಮಲ್ಲಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ, ಪೆಟ್ಟಿಗೆಯ ತಳಕ್ಕೆ ಹಾಸಿದ್ದಾದರೂ ಇದ್ದರೆ ದಯವಿಟ್ಟು ಬಿಡಿಸಲು ಹೋಗಬೇಡಿ, ನಮ್ಮನ್ನು ಕರೆಯಿರಿ. ತಿದ್ದುವ ಕೆಲಸ ಶನಿವಾರ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಡೆಯುತ್ತದೆ. ಒಂಬತ್ತನೇ ತರಗತಿಯ ಮಕ್ಕಳು ಬರಬಹುದು. ಬರುವಾಗ ಮನೆಯ ಅಜ್ಜ ಅಜ್ಜಿಯರನ್ನೂ ಕರೆತನ್ನಿ, ಬೈಲಿನ ಹೆಸರು ಅವರಿಗೇ ಗೊತ್ತು.